ಆಳದ ಎಣ್ಣೆಬಾವಿಯ ಪಂಪಿಗೆ ಯಾವ ವಾಲ್ವ್? ಸಾದಾ ಕೇಜ್, ಗೈಡ್ ಕೇಜ್, ಜೋಡಿ ವಾಲ್ವ್, ರಿಂಗ್ ವಾಲ್ವ್

ಮೊದಲೇ ಹೇಳಿಬಿಡುತ್ತೇನೆ: 1500 ಮೀಟರಿಗಿಂತ ಆಳಕ್ಕೆ ಇಳಿಯುವ ಸಕ್ಕರ್ ರಾಡ್ ಪಂಪಿಗೆ (ನೆಲದ ಮೇಲಿನ ಯಂತ್ರ ಉದ್ದನೆಯ ಉಕ್ಕಿನ ರಾಡುಗಳಿಂದ ಆಡಿಸುವ ಪಂಪ್) ನನ್ನ ಆಯ್ಕೆ ಗಟ್ಟಿ ಲೋಹದ ಇನ್ಸರ್ಟ್, ಎಂದರೆ ಒಳತುಂಡು, ಇರುವ ಗೈಡ್ ಕೇಜ್. ಈ ಪಂಪಿನ ವಾಲ್ವ್ ಎಂದರೆ ಉಂಗುರದಂಥ ಸೀಟು, ಅದರ ಮೇಲೆ ಕೂತು ಏಳುವ ಗೋಲಿ, ಗೋಲಿಯನ್ನು ಸುತ್ತುವರಿದು ಹಿಡಿದಿಡುವ ಕೇಜ್. ಬ್ಯಾರೆಲ್ ಎಂಬ ಕೊಳವೆಯೊಳಗೆ ಮೇಲೆ ಕೆಳಗೆ ಆಡುವ ಪ್ಲಂಜರಿನ ಜೊತೆ ಓಡಾಡುವುದು ಟ್ರಾವೆಲಿಂಗ್ ವಾಲ್ವ್, ಬ್ಯಾರೆಲಿನ ತಳದಲ್ಲಿ ನಿಂತೇ ಇರುವುದು ಸ್ಟ್ಯಾಂಡಿಂಗ್ ವಾಲ್ವ್. ಉಳಿದ ಮೂರಕ್ಕೂ ಅವುಗಳದೇ ಜಾಗವಿದೆ. ಆದರೆ ವಾಲ್ವ್ ಸೋರುತ್ತಿದೆ ಎಂದು ಗೊತ್ತಾದ ಕೂಡಲೇ ಗೋಲಿ ಮತ್ತು ಸೀಟನ್ನು ಇನ್ನೂ ಗಟ್ಟಿಯಾದದ್ದಕ್ಕೆ ಬದಲಿಸುವ ಅಭ್ಯಾಸ ತುಂಬಾ ಕಡೆ ಇದೆ. ದುಡ್ಡು ಗೋಲಿಗೆ ಹೋಗುತ್ತದೆ, ತೊಂದರೆ ಕೇಜಿನಲ್ಲೇ ಉಳಿಯುತ್ತದೆ, ಕೆಲವು ತಿಂಗಳಲ್ಲಿ ಮತ್ತೆ ರಾಡ್ ಎಳೆಯಬೇಕಾಗುತ್ತದೆ.

ಆಳದಲ್ಲಿ ವಾಲ್ವಿನ ಮೇಲೆ ಬೀಳುವ ಭಾರವನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ನೀರಿನ ಪಾಲು ಹೆಚ್ಚಿರುವ 2000 ಮೀಟರ್ ಬಾವಿಯಲ್ಲಿ ಟ್ಯೂಬಿಂಗ್ (ಎಣ್ಣೆ ಮೇಲೇರುವ ಕೊಳವೆ) ಒಳಗಿನ ದ್ರವದ ಕಂಬವೇ ಸುಮಾರು 196 ಬಾರ್ ಒತ್ತಡ ಕೊಡುತ್ತದೆ. ಪಂಪಿನ ಒಳಹರಿವಿನ ಒತ್ತಡ 10 ಬಾರ್ ಇದ್ದರೆ ಮುಚ್ಚಿದ ಟ್ರಾವೆಲಿಂಗ್ ವಾಲ್ವಿನ ಎರಡು ಬದಿಯ ವ್ಯತ್ಯಾಸ 190 ಬಾರಿನ ಆಸುಪಾಸು. ಗೋಲಿ ಸೀಟಿಗೆ ತಾಗುವ ವೃತ್ತದ ವ್ಯಾಸ 20 ಮಿ.ಮೀ. ಆದರೆ ಗೋಲಿಯ ಮೇಲೆ ಕೂರುವ ಭಾರ ಸುಮಾರು 600 ಕೆ.ಜಿ. ನಿಮಿಷಕ್ಕೆ 6 ಸ್ಟ್ರೋಕ್ ಎಂದರೆ ವರ್ಷಕ್ಕೆ 31 ಲಕ್ಷಕ್ಕೂ ಹೆಚ್ಚು ಬಾರಿ ಅದೇ ಭಾರ, ಅದೇ ಸಣ್ಣ ಅಂಚಿನ ಮೇಲೆ. ಗೋಲಿ ಪ್ರತಿ ಸಲ ನಡುವಿಗೇ ಬಂದು ಕೂತರೆ ಈ ಅಂಚು ತಡೆಯುತ್ತದೆ. ಓರೆಯಾಗಿ ಬಿದ್ದರೆ ಎಂಥ ಗಟ್ಟಿ ಸೀಟೂ ಒಂದೇ ಬದಿಯಲ್ಲಿ ಚಕ್ಕೆ ಏಳುತ್ತದೆ.

ಸಾದಾ ಕೇಜಿನ ಕಷ್ಟ ಇರುವುದು ಇಲ್ಲೇ. ಅದರ ಗೈಡ್ ಪಟ್ಟಿಗಳು ಕೇಜಿನ ಉಕ್ಕಿನಲ್ಲೇ ಕೊರೆದವು, ಗೋಲಿಗಿಂತ ಮೆತ್ತಗಿನವು. ಮೇಲೆ ನುಗ್ಗುವ ದ್ರವದಲ್ಲಿ ಗೋಲಿ ಸುಮ್ಮನೆ ತೇಲುವುದಿಲ್ಲ, ಗಿರಗಿರನೆ ಸುತ್ತುತ್ತಾ ಪಟ್ಟಿಗಳಿಗೆ ಬಡಿಯುತ್ತದೆ. ಪಟ್ಟಿ ಸವೆದಷ್ಟೂ ಅಡ್ಡಡ್ಡ ಓಡಾಡಲು ಜಾಗ ಹೆಚ್ಚುತ್ತದೆ, ಓಡಾಟ ಹೆಚ್ಚಿದಷ್ಟೂ ಬಡಿತ ಜೋರಾಗುತ್ತದೆ. ಕೊನೆಗೆ ಗೋಲಿ ತಡವಾಗಿ, ಓರೆಯಾಗಿ ಸೀಟಿಗೆ ಬೀಳತೊಡಗುತ್ತದೆ. ಇಂಥ ಕೇಜನ್ನು ಬಿಚ್ಚಿದಾಗ ಒಳಗೋಡೆಯಲ್ಲಿ ಅರ್ಧಚಂದ್ರಾಕಾರದ ಹೊಳೆಯುವ ಗುಳಿಗಳು ಕಾಣುತ್ತವೆ. ಅವು ಕಂಡರೆ ಹೊಸ ಗೋಲಿ ಹಾಕಿ ಅದೇ ಕೇಜನ್ನು ಮತ್ತೆ ಇಳಿಸಬೇಡಿ.

ಗೈಡ್ ಕೇಜಿನಲ್ಲಿ ಕೋಬಾಲ್ಟ್ ಮಿಶ್ರಲೋಹದ ಇನ್ಸರ್ಟ್ ಗೋಲಿಯನ್ನು ನಡುವಿನಲ್ಲೇ ಹಿಡಿದಿಡುತ್ತದೆ, ದ್ರವ ಪಟ್ಟಿಗಳ ನಡುವಿನ ತೋಡುಗಳಲ್ಲಿ ಹರಿಯುತ್ತದೆ. ಬಡಿತ ಬೀಳುವುದು ಗಟ್ಟಿ ಲೋಹದ ಮೇಲೆ, ಕೇಜಿನ ಮೈ ಉಳಿಯುತ್ತದೆ. ರಬ್ಬರ್ ಇನ್ಸರ್ಟ್ ಅಗ್ಗ, ಸದ್ದೂ ಕಡಿಮೆ, ಆದರೆ ಬಿಸಿ ಮತ್ತು ಗ್ಯಾಸ್ ಎರಡೂ ಇರುವ ಆಳದ ಬಾವಿಗೆ ಬೇಡ. ರಬ್ಬರು ಉಬ್ಬಿ ಗೋಲಿಯನ್ನೇ ಕಚ್ಚಿಕೊಳ್ಳುತ್ತದೆ. ಅದರೊಳಗೆ ಹೊಕ್ಕ ಗ್ಯಾಸ್ ಒತ್ತಡ ಇಳಿದಾಗ ಹೊರಬರಲು ನೋಡಿ ರಬ್ಬರನ್ನು ಸೀಳುತ್ತದೆ.

ಇನ್ನು ಗೈಡ್ ಕೇಜಿಗೆ ಬಂದವರನ್ನು ತುಂಬಾ ಕಾಡುವ ಒಂದು ತೊಡಕಿದೆ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ಒಳ್ಳೆಯ ಕೇಜಿಗೆ ಕೆಟ್ಟ ಹೆಸರು ಬರುವುದು ಇದರಿಂದಲೇ. ತೊಡಕು ಏನೆಂದರೆ ಸೀಟಿನ ಬೆನ್ನಿನ ಸೋರಿಕೆ. ದ್ರವ ಗೋಲಿ ಮತ್ತು ಸೀಟಿನ ನಡುವೆ ಸೋರದೆ, ಸೀಟಿನ ಹೊರಮೈ ಸುತ್ತಿ, ಸೀಟು ಮತ್ತು ಸೀಟ್ ಪ್ಲಗ್ (ಸೀಟನ್ನು ಕೇಜಿನೊಳಗೆ ಬಿಗಿದು ಹಿಡಿಯುವ ಥ್ರೆಡ್ಡಿನ ತುಂಡು) ಕೂಡುವ ಮುಖದಿಂದ ಹೊರಗೆ ಹೋಗುತ್ತದೆ. ಕೂದಲೆಳೆಯಷ್ಟು ಸಂದು ಸಾಕು. 190 ಬಾರಿನಲ್ಲಿ ನುಗ್ಗುವ ಮರಳು ಬೆರೆತ ದ್ರವ ಅದನ್ನು ಕೊರೆದು ಕಾಲುವೆ ಮಾಡುತ್ತದೆ. ಮೇಲೆ ತಂದು ನೋಡಿದರೆ ಗೋಲಿ ಹೊಸದರಂತೆ ಹೊಳೆಯುತ್ತಿರುತ್ತದೆ, ಸೀಟಿನ ಒಳ ಅಂಚೂ ಸರಿಯಿರುತ್ತದೆ. ಸೀಟನ್ನು ತಿರುಗಿಸಿ ಹೊರಮುಖ ನೋಡಿದರೆ ಮಾತ್ರ ಹುಳು ತಿಂದ ಹಾಗೆ ಗೆರೆ ಕಾಣುತ್ತದೆ.

ಗೈಡ್ ಕೇಜಿನಲ್ಲಿ ಇದು ಹೆಚ್ಚಲು ಕಾರಣ ಎತ್ತರದ ಲೆಕ್ಕ. ಸಾದಾ ಕೇಜಿನಲ್ಲಿ ಪ್ಲಗ್ ಬಿಗಿದರೆ ಬಿಗಿತ ನೇರವಾಗಿ ಸೀಟಿನ ಮೇಲೆ ಬೀಳುತ್ತದೆ. ಇನ್ಸರ್ಟ್ ಬಂದಾಗ ಸಾಲಿನಲ್ಲಿ ಇನ್ನೊಂದು ತುಂಡು ಸೇರಿತು. ಇನ್ಸರ್ಟ್ ಸೀಟಿನ ಮೇಲೇ ಕೂರುವ ವಿನ್ಯಾಸವಾದರೆ, ಅದು ಸ್ವಲ್ಪ ಉದ್ದವಾದರೂ ಸೀಟು ಕೇಜಿನೊಳಗೆ ತಾನು ಒರಗುವ ಮೆಟ್ಟಿಲಿಗೆ ತಾಗುವುದಿಲ್ಲ. ಗಿಡ್ಡವಾದರೆ ಇನ್ಸರ್ಟೇ ಕೇಜಿನೊಳಗೆ ಅಲುಗಾಡಿ ಸೀಟಿನ ಮುಖವನ್ನು ಕುಟ್ಟುತ್ತದೆ. ಒಬ್ಬ ತಯಾರಕರ ಕೇಜಿಗೆ ಇನ್ನೊಬ್ಬರ ಸೀಟು ಹಾಕಿದಾಗ ಎಡವಟ್ಟಾಗುವುದು ಇಲ್ಲೇ. ಎಪಿಐ 11ಎಎಕ್ಸ್ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟಿನ ಪಂಪ್ ಮಾನದಂಡ) ಅಳತೆಯ ಸೀಟುಗಳು ಅದಲುಬದಲಾದರೂ ಇನ್ಸರ್ಟ್ ಪ್ರತಿ ತಯಾರಕರ ಸ್ವಂತ ವಿನ್ಯಾಸ. ಡೆಪ್ತ್ ಗೇಜ್ ಹಿಡಿದು ಕೇಜಿನ ಆಳ, ಇನ್ಸರ್ಟಿನ ಉದ್ದ, ಸೀಟಿನ ಎತ್ತರ ಮೂರನ್ನೂ ಅಳೆದು ತಯಾರಕರ ನಕ್ಷೆಗೆ ತಾಳೆ ನೋಡಿಯೇ ಜೋಡಿಸಿ.

ಕಾರ್ಬೈಡ್ ಸೀಟಾದರೆ ಇನ್ನೊಂದು ಸಂಗತಿಯೂ ಸೇರುತ್ತದೆ. ಬಿಸಿಯಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ಹಿಗ್ಗುವುದು ಉಕ್ಕಿನ ಅರ್ಧದಷ್ಟು ಮಾತ್ರ. 12 ಮಿ.ಮೀ. ಎತ್ತರದ ಸೀಟು ಶೆಡ್ಡಿನ ತಾಪಮಾನಕ್ಕಿಂತ 70 ಡಿಗ್ರಿ ಬಿಸಿಯಾದ ಕಡೆ ಇಳಿದರೆ, ಸುತ್ತಲಿನ ಉಕ್ಕು ಸೀಟಿಗಿಂತ ಸುಮಾರು 5 ಮೈಕ್ರಾನ್ ಹೆಚ್ಚು ಹಿಗ್ಗುತ್ತದೆ. ಕೇಳಲು ಏನೂ ಅಲ್ಲ ಅನಿಸುತ್ತದೆ. ಆದರೆ ಇಷ್ಟು ಗಿಡ್ಡ ಜೋಡಣೆಯನ್ನು ಬಿಗಿದಾಗ ಉಕ್ಕು ಜಗ್ಗಿರುವುದೂ ಮೈಕ್ರಾನ್ ಲೆಕ್ಕದಲ್ಲೇ. ಮೇಲೆ ಅರೆಬರೆ ಬಿಗಿದದ್ದು ಕೆಳಗೆ ಹೋದಾಗ ಸಡಿಲವಾಗುತ್ತದೆ. ಶೆಡ್ಡಿನ ಪರೀಕ್ಷೆಯಲ್ಲಿ ಪಾಸಾದ ವಾಲ್ವ್ ಬಾವಿಯಲ್ಲಿ ಸೋರುವುದಕ್ಕೆ ಇದೊಂದು ಕಾರಣ.

ಜೋಡಿಸುವ ಕ್ರಮ ಹೀಗಿದ್ದರೆ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಸೀಟಿನ ಎರಡೂ ಮುಖ, ಕೇಜಿನ ಮೆಟ್ಟಿಲು, ಪ್ಲಗ್ಗಿನ ಮೂತಿ ಎಲ್ಲವನ್ನೂ ದ್ರಾವಕದಿಂದ ಒರೆಸಿ ಪೂರ್ತಿ ಒಣಗಿಸಿ. ಪ್ಲಗ್ಗಿನ ಮೂತಿಗೆ ತೆಳುವಾಗಿ ನೀಲಿ ಬಣ್ಣ ಸವರಿ ಸೀಟಿಗೆ ಒತ್ತಿ ನೋಡಿ, ಸುತ್ತು ಉಂಗುರ ತುಂಡಾಗದೆ ಮೂಡಬೇಕು. ಮೂಡದಿದ್ದರೆ ಆ ಪ್ಲಗ್ ಬಿಸಾಡಿ, ಹೆಚ್ಚು ಬಿಗಿದು ಸರಿಪಡಿಸಲು ಹೋಗಬೇಡಿ. ಮುಖಗಳ ನಡುವೆ ಒಂದು ಮರಳಿನ ಕಣ ಸಿಕ್ಕರೂ ಬಿಗಿಯುವಾಗ ಕಾರ್ಬೈಡ್ ಸೀಟು ಸೀಳುತ್ತದೆ. ಥ್ರೆಡ್ ಡೋಪನ್ನು (ಥ್ರೆಡ್ಡಿಗೆ ಹಚ್ಚುವ ಜಿಡ್ಡಿನ ಲೇಪ) ಗಂಡು ಥ್ರೆಡ್ಡಿಗೆ ಮಾತ್ರ, ಮೂತಿಯ ಕಡೆಯ ಎರಡು ಸುತ್ತು ಬಿಟ್ಟು, ತೆಳ್ಳಗೆ ಹಚ್ಚಿ. ಸೀಟಿನ ಮುಖಕ್ಕೆ ಡೋಪ್ ತಾಗಿದರೆ ಶೆಡ್ಡಿನಲ್ಲಿ ಅದೇ ಸೀಲಿನ ಕೆಲಸ ಮಾಡಿ ಸೋರಿಕೆಯನ್ನು ಮುಚ್ಚಿಡುತ್ತದೆ, ಬಾವಿಯ ಬಿಸಿಯಲ್ಲಿ ಕರಗಿ ಹೋಗುತ್ತದೆ. ಕೈಯಲ್ಲಿ ಮುಖ ತಾಗುವವರೆಗೆ ತಿರುಗಿಸಿ, ಆಮೇಲೆ ಫ್ರಿಕ್ಷನ್ ವೈಸಿನಲ್ಲಿ (ಹಲ್ಲು ಕಚ್ಚದೆ ಸುತ್ತಲೂ ಹಿಡಿಯುವ ವೈಸ್) ಹಿಡಿದು ತಯಾರಕರು ಹೇಳಿದ ಟಾರ್ಕಿಗೆ ಬಿಗಿಯಿರಿ. ಪೈಪ್ ರೆಂಚನ್ನು ಕೇಜಿನ ತೆಳು ಗೋಡೆಗೆ ಕಚ್ಚಿಸಿದರೆ ಕೇಜು ಮೊಟ್ಟೆಯಾಕಾರಕ್ಕೆ ಅಮುಕಿ ಗೋಲಿ ಸಿಕ್ಕಿಕೊಳ್ಳುತ್ತದೆ.

ವ್ಯಾಕ್ಯೂಮ್ ಪರೀಕ್ಷೆ, ಎಂದರೆ ಸೀಟಿನ ಕೆಳಗಿನಿಂದ ಗಾಳಿ ಎಳೆದು ಗೇಜಿನ ಮುಳ್ಳು ನಿಲ್ಲುತ್ತದೆಯೇ ಎಂದು ನೋಡುವುದು, ಎರಡು ಸಲ ಮಾಡಬೇಕು. ಒಮ್ಮೆ ಬಿಡಿ ಗೋಲಿ-ಸೀಟಿಗೆ, ಇನ್ನೊಮ್ಮೆ ಪೂರ್ತಿ ಜೋಡಿಸಿ ಬಿಗಿದ ಮೇಲೆ. ಮೊದಲ ಸಲ ಮುಳ್ಳು ನಿಂತು ಎರಡನೆಯ ಸಲ ಇಳಿದರೆ ಸೋರುತ್ತಿರುವುದು ಸೀಟಿನ ಬೆನ್ನು. ಬಿಡಿ ಜೋಡಿಯನ್ನಷ್ಟೇ ಪರೀಕ್ಷಿಸಿ ಸರಿಯಿದೆ ಎಂದು ಕಳಿಸುವ ಶೆಡ್ಡಿನಿಂದ ಗೈಡ್ ಕೇಜ್ ತರಿಸಬೇಡಿ.

ಗೋಲಿಯ ಅಳತೆಗೂ ಇಷ್ಟೇ ಗಮನ ಬೇಕು. ದ್ರವ ಹರಿಯಲು ಜಾಗ ಸಿಗಲೆಂದು ಚಿಕ್ಕ ಗೋಲಿ ಹಾಕುವ ರೂಢಿಯಿದೆ. ತಾಗುವ ವೃತ್ತ 20 ಮಿ.ಮೀ. ಇದ್ದು ಗೋಲಿ 25 ಮಿ.ಮೀ. ಆದರೆ, 600 ಕೆ.ಜಿ. ನೇರ ಭಾರಕ್ಕೆ ಸೀಟಿನ ಅಂಚಿನ ಮೇಲೆ ಒಟ್ಟು ಒತ್ತು ಸುಮಾರು 1000 ಕೆ.ಜಿ. ಗೋಲಿಯನ್ನು 22 ಮಿ.ಮೀ.ಗೆ ಇಳಿಸಿದರೆ ಅದು ಬೆಣೆಯ ಹಾಗೆ ಒಳಗೆ ಇಳಿಯುತ್ತದೆ, ಒತ್ತು 1400 ಕೆ.ಜಿ.ಯ ಹತ್ತಿರ ಹೋಗುತ್ತದೆ. ಆಳ ಕಡಿಮೆಯಿದ್ದು ಎಣ್ಣೆ ಜಿಗುಟಾಗಿರುವ ಬಾವಿಗೆ ಚಿಕ್ಕ ಗೋಲಿ ಹಿಡಿಸುತ್ತದೆ. 2000 ಮೀಟರಿಗೆ ನಾನು ದೊಡ್ಡದನ್ನೇ ಹಾಕುತ್ತೇನೆ. ಹರಿವಿಗೆ ಜಾಗ ಬೇಕಾದರೆ ಒಂದು ಅಳತೆ ದೊಡ್ಡ ಸ್ಟ್ಯಾಂಡಿಂಗ್ ವಾಲ್ವ್ ಹಾಕುವುದು ಸರಿಯಾದ ದಾರಿ, ಏಕೆಂದರೆ ಒಳಹರಿವು ಕಟ್ಟಿಕೊಂಡು ಒತ್ತಡ ಕುಸಿದು ಗ್ಯಾಸ್ ಬಿಡುಗಡೆಯಾಗುವುದು ಅಲ್ಲೇ.

ಲೋಹಗಳ ವಿಷಯ ಚುಟುಕಾಗಿ. ಉಪ್ಪು ಮತ್ತು ಆಮ್ಲ ಅನಿಲ ಕಡಿಮೆಯಿದ್ದರೆ 440ಸಿ ಸ್ಟೇನ್‌ಲೆಸ್ ಸಾಕು. ಹೈಡ್ರೋಜನ್ ಸಲ್ಫೈಡ್ ಅಥವಾ ಕಾರ್ಬನ್ ಡೈಆಕ್ಸೈಡ್ ಇದ್ದರೆ ಗೋಲಿಯ ಮೈತುಂಬ ಸಣ್ಣ ಗುಳಿ ಬೀಳುತ್ತವೆ, ಆಗ ಕೋಬಾಲ್ಟ್ ಮಿಶ್ರಲೋಹ ಬೇಕು. ಮರಳಿದ್ದರೆ ಕಾರ್ಬೈಡ್ ಸೀಟು, ಅದರಲ್ಲೂ ನಿಕಲ್ ಬೈಂಡರಿನದು (ಕಾರ್ಬೈಡ್ ಕಣಗಳನ್ನು ಬೆಸೆಯುವ ಲೋಹ ನಿಕಲ್ ಆಗಿರುವುದು), ಮೇಲೆ ಸಿಲಿಕಾನ್ ನೈಟ್ರೈಡ್ ಗೋಲಿ. ಈ ಜೋಡಿ ನನಗೆ ಇಷ್ಟವಾಗುವುದು ತೂಕಕ್ಕೆ. 25.4 ಮಿ.ಮೀ. ಗೋಲಿ ಕಾರ್ಬೈಡಿನದಾದರೆ ಸುಮಾರು 128 ಗ್ರಾಂ, ಉಕ್ಕಿನದು 66, ಸಿಲಿಕಾನ್ ನೈಟ್ರೈಡಿನದು 27. ಹಗುರ ಗೋಲಿ ಕೇಜನ್ನು ಕುಟ್ಟುವುದೂ ಕಡಿಮೆ, ಒಳಹರಿವಿನ ಒತ್ತಡ ತೀರಾ ತಗ್ಗಿದಾಗ ಬೇಗ ಏಳುತ್ತದೆ ಕೂಡ. ದಪ್ಪ ಎಣ್ಣೆಯಲ್ಲಿ ಮಾತ್ರ ಇದು ನಿಧಾನವಾಗಿ ಕೆಳಗಿಳಿಯುತ್ತದೆ, ಅಲ್ಲಿಗೆ ಭಾರದ ಗೋಲಿಯೇ ಸರಿ.

ಜೋಡಿ ವಾಲ್ವ್, ಎಂದರೆ ಒಂದರ ಮೇಲೊಂದು ಎರಡು ಸ್ಟ್ಯಾಂಡಿಂಗ್ ವಾಲ್ವ್, ಕಸ ಹೆಚ್ಚು ಬರುವ ಬಾವಿಗೆ ಒಳ್ಳೆಯದು. ಒಂದರಲ್ಲಿ ಕಸ ಸಿಕ್ಕಿದರೆ ಇನ್ನೊಂದು ಹಿಡಿಯುತ್ತದೆ. ಭಾರ ಎರಡಕ್ಕೂ ಹಂಚಿಹೋಗುತ್ತದೆ ಎಂಬ ನಂಬಿಕೆ ಮಾತ್ರ ತಪ್ಪು. ಚೆನ್ನಾಗಿ ಕೂತದ್ದೇ ಪೂರ್ತಿ ಹೊರುತ್ತದೆ. ಒಳಹರಿವಿನ ದಾರಿ ಎರಡು ಸಲ ಕಿರಿದಾಗುವುದರಿಂದ ಗ್ಯಾಸ್ ಇರುವ ಬಾವಿಗೆ ನಾನು ಇದನ್ನು ಸೂಚಿಸುವುದಿಲ್ಲ.

ರಿಂಗ್ ವಾಲ್ವಿನ ಕೆಲಸ ಗ್ಯಾಸಿನ ಜೊತೆ. ಪಂಪಿನೊಳಗೆ ಬರೀ ಗ್ಯಾಸ್ ತುಂಬಿದೆ ಎಂದುಕೊಳ್ಳಿ. ಕೆಳಗಿನ ನಿಜವಾದ ಸ್ಟ್ರೋಕ್ 3 ಮೀಟರ್, ಪ್ಲಂಜರ್ ತಳದಲ್ಲಿದ್ದಾಗ ಎರಡು ವಾಲ್ವ್‌ಗಳ ನಡುವೆ ಉಳಿಯುವ ಸತ್ತ ಜಾಗ 30 ಸೆಂ.ಮೀ. ಬ್ಯಾರೆಲಿಗೆ ಸಮ. ಆಗ 10 ಬಾರ್ ಗ್ಯಾಸ್ ಏರುವುದು ಸುಮಾರು 110 ಬಾರಿಗೆ, ಮೇಲಿನ 196 ಬಾರಿನ ಎದುರು ಟ್ರಾವೆಲಿಂಗ್ ವಾಲ್ವ್ ತೆರೆಯುವುದೇ ಇಲ್ಲ. ಇದೇ ಗ್ಯಾಸ್ ಲಾಕ್. ಸತ್ತ ಜಾಗವನ್ನು 12 ಸೆಂ.ಮೀ.ಗೆ ಇಳಿಸಿದರೆ 260 ಬಾರ್ ಮುಟ್ಟಿ ತೆರೆಯುತ್ತದೆ. ಬ್ಯಾರೆಲಿನ ತಲೆಯಲ್ಲಿ ಕೂರುವ ರಿಂಗ್ ವಾಲ್ವ್ ಇಳಿಯುವ ಸ್ಟ್ರೋಕಿನಲ್ಲಿ ಮೇಲಿನ ಕಂಬದ ಭಾರವನ್ನು ತಾನೇ ಹೊರುವುದರಿಂದ ಟ್ರಾವೆಲಿಂಗ್ ವಾಲ್ವ್ ಬೇಗ ತೆರೆಯುತ್ತದೆ. ಪಂಪ್ ನಿಂತಾಗ ಮರಳು ಪ್ಲಂಜರಿನ ಮೇಲೆ ಕೂರುವುದನ್ನೂ ತಡೆಯುತ್ತದೆ. ಆದರೆ ರಾಡಿನ ಸುತ್ತ ಉಜ್ಜುವ ಇನ್ನೊಂದು ಸೀಲು ಬಂತು, ಮರಳಿನಲ್ಲಿ ಅದೂ ಸವೆಯುತ್ತದೆ, ರಾಡಿನ ಆ ಭಾಗ ನಯವಾಗಿ ಇರಲೇಬೇಕು. ನನ್ನ ಕ್ರಮದಲ್ಲಿ ಮೊದಲು ಸತ್ತ ಜಾಗ ತಗ್ಗಿಸುವುದು: ಟ್ರಾವೆಲಿಂಗ್ ವಾಲ್ವನ್ನು ಪ್ಲಂಜರಿನ ತಳದಲ್ಲಿ ಇಡಬೇಕು, ಗಿಡ್ಡ ಕೇಜ್ ಹಾಕಬೇಕು, ಸ್ಪೇಸಿಂಗ್ (ಪ್ಲಂಜರ್ ತಳಕ್ಕೆ ಎಷ್ಟು ಹತ್ತಿರ ಬರಬೇಕೆಂದು ಹೊಂದಿಸುವುದು) ಎಚ್ಚರಿಕೆಯಿಂದ ಮಾಡಬೇಕು. ವಾಲ್ವ್ ಪ್ಲಂಜರಿನ ತಲೆಯಲ್ಲಿ ಮಾತ್ರ ಇದ್ದರೆ ಪ್ಲಂಜರಿನ ಇಡೀ ಒಳಗೊಳವೆ ಸತ್ತ ಜಾಗಕ್ಕೆ ಸೇರುತ್ತದೆ. ಇಷ್ಟು ಮಾಡಿಯೂ ಗ್ಯಾಸ್ ಲಾಕ್ ಬಿಡದಿದ್ದರೆ ರಿಂಗ್ ವಾಲ್ವ್. ಪ್ಲಂಜರನ್ನು ತಳಕ್ಕೆ ಕುಟ್ಟಿಸಿ ಗ್ಯಾಸ್ ಲಾಕ್ ಬಿಡಿಸುವುದು ಬೇಡವೇ ಬೇಡ. ಕಾರ್ಬೈಡ್ ಸೀಟು ಆ ಹೊಡೆತಕ್ಕೆ ಉಳಿಯುವುದಿಲ್ಲ.

ಓರೆಬಾವಿಯಲ್ಲಿ 60 ಡಿಗ್ರಿ ವಾಲಿದ ಕಡೆ ಪಂಪ್ ಕೂತರೆ ಗೋಲಿಯನ್ನು ಮುಚ್ಚುವ ತೂಕ ಅರ್ಧಕ್ಕಿಳಿಯುತ್ತದೆ. ಅಲ್ಲಿಗೆ ಸ್ಪ್ರಿಂಗ್ ಒತ್ತಾಸೆಯ ವಾಲ್ವ್, ಬೇರೆ ಕಡೆ ಅದರ ಗೊಡವೆ ಬೇಡ.

ಯಾವುದನ್ನು ಹಾಕಿದರೂ ರಾಡ್ ಎಳೆಯುವ ಮೊದಲು ಡೈನಮೋಮೀಟರಿನಿಂದ (ರಾಡಿನ ಮೇಲಿನ ಭಾರ ಅಳೆಯುವ ಉಪಕರಣ) ವಾಲ್ವ್ ಪರೀಕ್ಷೆ ಮಾಡಿ. ಏರುವ ಸ್ಟ್ರೋಕಿನ ನಡುವೆ ಮೆಲ್ಲಗೆ ನಿಲ್ಲಿಸಿ ಬ್ರೇಕ್ ಹಿಡಿಯಿರಿ. ಭಾರ ಇಳಿಯುತ್ತಾ ಹೋದರೆ ಟ್ರಾವೆಲಿಂಗ್ ವಾಲ್ವ್ ಅಥವಾ ಪ್ಲಂಜರ್ ಸೋರುತ್ತಿದೆ. ಇಳಿಯುವ ಸ್ಟ್ರೋಕಿನಲ್ಲಿ ನಿಲ್ಲಿಸಿದಾಗ ಭಾರ ಏರುತ್ತಾ ಹೋದರೆ ಸೋರುತ್ತಿರುವುದು ಸ್ಟ್ಯಾಂಡಿಂಗ್ ವಾಲ್ವ್. ಗಕ್ಕನೆ ನಿಲ್ಲಿಸಿದರೆ ರಾಡಿನ ಕುಣಿತದಲ್ಲಿ ಏನೂ ತಿಳಿಯುವುದಿಲ್ಲ.

ದುಡ್ಡು ಬಿಗಿಯಾಗಿದ್ದರೆ ಸ್ಟ್ಯಾಂಡಿಂಗ್ ವಾಲ್ವಿಗೆ ಗೈಡ್ ಕೇಜ್ ಮತ್ತು ದೊಡ್ಡ ಸೀಟು, ಎರಡೂ ಕಡೆ 440ಸಿ ಗೋಲಿ. ಇನ್ನಷ್ಟು ಕೈಗೆ ಬಂದಾಗ ಟ್ರಾವೆಲಿಂಗ್ ವಾಲ್ವಿಗೂ ಗೈಡ್ ಕೇಜ್. ಕಾರ್ಬೈಡ್ ಮತ್ತು ಸಿಲಿಕಾನ್ ನೈಟ್ರೈಡ್ ಆಮೇಲೆ, ಅದೂ ಮರಳು ಬರುವ ಬಾವಿಗೆ. ವ್ಯಾಕ್ಯೂಮ್ ಪಾಸಾದ ಗೋಲಿ-ಸೀಟು ಜೋಡಿಯನ್ನು ಒಂದೇ ಡಬ್ಬಿಯಲ್ಲಿ ಇಟ್ಟು, ಜೋಡಿಸುವವರೆಗೂ ಬೇರ್ಪಡಿಸದಿರಿ. ಬೇರೆ ಗೋಲಿ ಬಂದು ಕೂತರೆ ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕು.