ಕ್ರಿಟಾದ ಸ್ವಾಗತ ಪುಟ: ಏಳು ವರ್ಷಗಳ ಬಳಕೆಯ ನಂತರ

ಚಿತ್ರ ಬರೆಯುವ ತಂತ್ರಾಂಶವಾದ ಕ್ರಿಟಾವನ್ನು ನಾನು ಮೊದಲು ಹಾಕಿಕೊಂಡದ್ದು 2018ರಲ್ಲಿ, ಅದರ 4.0 ಆವೃತ್ತಿ ಹೊರಬಂದ ಕೆಲವೇ ವಾರಗಳ ನಂತರ. ಅಂದಿನಿಂದ 5.2ರವರೆಗೆ ಮಕ್ಕಳ ಪುಸ್ತಕದ ಚಿತ್ರಗಳು, ಲಗ್ನಪತ್ರಿಕೆಗಳು, ಮಾಸಪತ್ರಿಕೆಗಳಿಗೆ ಬರೆದ ರೇಖಾಚಿತ್ರಗಳು ಎಂದು ನನ್ನ ಹೊಟ್ಟೆಪಾಡಿನ ಬಹುಪಾಲು ಕೆಲಸ ಇದರಲ್ಲೇ ನಡೆದಿದೆ. ಇದರ ಬ್ರಷ್‌ಗಳ ಬಗ್ಗೆ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಬರೆಯಹೊರಟಿರುವುದು ಯಾರೂ ಹೆಚ್ಚು ಹೊತ್ತು ನಿಂತು ನೋಡದ ಒಂದು ಜಾಗದ ಬಗ್ಗೆ, ಅಂದರೆ ತಂತ್ರಾಂಶ ತೆರೆದ ಮೇಲೆ, ಮೊದಲ ಗೆರೆ ಎಳೆಯುವ ಮುನ್ನ, ಎದುರಾಗುವ ಸ್ವಾಗತ ಪುಟದ ಬಗ್ಗೆ. ಸಾವಿರಾರು ಸಲ ಆ ಪುಟವನ್ನು ದಾಟಿ ಹೋಗಿದ್ದೇನೆ; ಧಾರವಾಡದಲ್ಲಿ ವಾರಾಂತ್ಯಕ್ಕೆ ನಡೆಸುವ ಚಿತ್ರಕಲೆಯ ತರಗತಿಯಲ್ಲಿ ಅದನ್ನು ಜೀವನದಲ್ಲೇ ಮೊದಲ ಸಲ ನೋಡುವ ಮಕ್ಕಳ ಪಕ್ಕದಲ್ಲೂ ನಿಂತಿದ್ದೇನೆ. ಈ ಎರಡು ಬಗೆಯ ಕಣ್ಣುಗಳಿಗೆ ಆ ಪುಟ ಒಂದೇ ಆಗಿ ಕಾಣುವುದಿಲ್ಲ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ಕ್ರಿಟಾ ಉಚಿತವಾಗಿ ಸಿಗುವ, ಮೂಲಸಂಕೇತವೂ, ಅಂದರೆ ಅದನ್ನು ಕಟ್ಟಿದ ಪ್ರೋಗ್ರಾಂ ಬರಹವೂ, ಎಲ್ಲರಿಗೂ ಮುಕ್ತವಾಗಿರುವ ಚಿತ್ರರಚನಾ ತಂತ್ರಾಂಶ. 1999ರಲ್ಲಿ, ಮುಕ್ತ ತಂತ್ರಾಂಶಗಳನ್ನು ಕಟ್ಟುವ ಕೆಡಿಇ ಬಳಗದಲ್ಲಿ, ಬೇರೆ ಹೆಸರಿನಲ್ಲಿ ಶುರುವಾಯಿತು. ಈಗಿನ ಹೆಸರಿಗೆ ಸ್ವೀಡಿಷ್ ಭಾಷೆಯಲ್ಲಿ ಸೀಮೆಸುಣ್ಣ ಎಂಬ ಅರ್ಥವಿದೆ. ಎಲ್ಲ ಬಗೆಯ ಚಿತ್ರಸಂಪಾದನೆಗೂ ಆಗಲಿ ಎಂಬ ಹಳೆಯ ಗುರಿಯನ್ನು ಬಿಟ್ಟು, ಕೈಯಿಂದ ಚಿತ್ರ ಬರೆಯುವವರಿಗಾಗಿಯೇ ಇದನ್ನು ಬೆಳೆಸುವುದೆಂದು 2009ರಲ್ಲಿ ತೀರ್ಮಾನವಾಯಿತು. ಹಾಗಾಗಿ ಇದರ ಬಾಗಿಲನ್ನು ಅಳೆಯುವಾಗ ನಾನು ಕೇಳುವುದು ಒಂದೇ ಪ್ರಶ್ನೆ: ಕಂಪ್ಯೂಟರಿಗೆ ಜೋಡಿಸಿದ ಡಿಜಿಟಲ್ ಪೆನ್ನು ಕೈಯಲ್ಲಿ ಹಿಡಿದು ಬಂದವನು ಹಾಳೆ ಮುಟ್ಟಲು ಎಷ್ಟು ಹೊತ್ತು?

ನಾನು ಬಂದ ಕಾಲದಲ್ಲಿ ಸ್ವಾಗತ ಪುಟ ಇರಲೇ ಇಲ್ಲ. ಕಿಕಿ ಎಂಬ ಅಳಿಲಿನ ಚಿತ್ರವಿರುವ ಪರದೆ ಒಂದಿಷ್ಟು ಹೊತ್ತು ಕಾಣಿಸಿ ಮಾಯವಾದ ಮೇಲೆ ಉಳಿಯುತ್ತಿದ್ದುದು ಸುತ್ತ ಉಪಕರಣಗಳು, ನಡುವೆ ಬೂದು ಬಣ್ಣದ ಬಯಲು. ಟೈಸನ್ ಟಾನ್ ಎಂಬ ಕಲಾವಿದ ರೂಪಿಸಿದ ಆ ಅಳಿಲು ಇಂದಿಗೂ ಕ್ರಿಟಾದ ಗುರುತು. ಆದರೆ ಅದು ಲೋಡ್ ಆಗುವ ಹೊತ್ತನ್ನು ಕಳೆಯಲು ಇಟ್ಟಿರುವ ಚಿತ್ರ. ಬ್ರಷ್, ವಿನ್ಯಾಸ, ಬಣ್ಣಪಟ್ಟಿಗಳನ್ನೆಲ್ಲ ಒಳಗೆ ತಂದು ಜೋಡಿಸುವ ಕೆಲಸ ಅದರ ಹಿಂದೆ ನಡೆಯುತ್ತಿರುತ್ತದೆ. 2021ರ ಡಿಸೆಂಬರಿನಲ್ಲಿ ಬಂದ 5.0 ಆವೃತ್ತಿಯಲ್ಲಿ ಈ ಸಾಮಗ್ರಿಗಳನ್ನು ನಿಭಾಯಿಸುವ ವ್ಯವಸ್ಥೆಯನ್ನೇ ಹೊಸದಾಗಿ ಬರೆದು, ವಿವರಗಳನ್ನೆಲ್ಲ ಒಂದು ದತ್ತಸಂಚಯದಲ್ಲಿ (ಡೇಟಾಬೇಸ್) ಇಡುವಂತೆ ಮಾಡಿದರು. ನೋಡುಗನ ಪಾಲಿಗೆ ಅಳಿಲು ಸ್ವಾಗತಿಸಿದಂತೆ ಕಂಡರೂ ಅದಕ್ಕೆ ಏನನ್ನೂ ಕೇಳುವಂತಿಲ್ಲ, ಅದು ಏನನ್ನೂ ಕೊಡುವುದಿಲ್ಲ. ನಿಜವಾದ ಬಾಗಿಲು ಆಮೇಲೆ ಬರುವ ಪುಟ.

ಆ ಪುಟ ಮಿತಭಾಷಿ. ಮೇಲುಗಡೆ ಹೊಸ ಫೈಲ್, ಫೈಲ್ ತೆರೆಯಿರಿ ಎಂಬ ಎರಡು ಸಾಲುಗಳು, ಪಕ್ಕದಲ್ಲೇ ಅವುಗಳ ಕೀಲಿಗಳು: ಕಂಟ್ರೋಲ್ ಜೊತೆ ಎನ್, ಕಂಟ್ರೋಲ್ ಜೊತೆ ಓ. ಅದರ ಕೆಳಗೆ ಇತ್ತೀಚಿನ ಚಿತ್ರಗಳ ಪಟ್ಟಿ. ಇನ್ನೊಂದು ಬದಿಯಲ್ಲಿ ಕೈಪಿಡಿ, ಬಳಕೆದಾರರ ಬಳಗ, ದೇಣಿಗೆ ಇತ್ಯಾದಿ ಕೊಂಡಿಗಳು, ಬೇಕೆಂದವರಿಗೆ ಸುದ್ದಿ. ಚಿತ್ರವನ್ನು ಎಳೆದು ತಂದು ಇಲ್ಲಿ ಬಿಡಿ ಎಂದು ಸೂಚಿಸುವ, ತುಂಡುಗೆರೆಯ ಒಂದು ಚೌಕಟ್ಟು. ಇಷ್ಟೇ. ಕೀಲಿಗಳನ್ನು ಹೆಸರಿನ ಪಕ್ಕದಲ್ಲೇ ಬರೆದಿರುವುದು ಸಣ್ಣ ಸಂಗತಿಯಂತೆ ಕಾಣಬಹುದು. ಆದರೆ ನನ್ನ ತರಗತಿಯ ಮಕ್ಕಳು ಕಲಿಯುವ ಮೊದಲ ಕೀಲಿ ಯಾವಾಗಲೂ ಕಂಟ್ರೋಲ್-ಎನ್ ಆಗಿರುತ್ತದೆ, ಅದನ್ನು ನಾನು ಯಾರಿಗೂ ಹೇಳಿಕೊಟ್ಟಿಲ್ಲ.

ಈ ಪುಟದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇತ್ತೀಚಿನ ಚಿತ್ರಗಳ ಪಟ್ಟಿ. ಪ್ರತಿ ಹೆಸರಿನ ಪಕ್ಕದಲ್ಲೂ ಆ ಚಿತ್ರದ ಪುಟ್ಟ ನೋಟವಿರುತ್ತದೆ. ಇದು ಹೇಗೆ ಸಾಧ್ಯವೆಂದರೆ, ಕ್ರಿಟಾ ಉಳಿಸುವ ಕೆಆರ್‌ಎ ಫೈಲು ಒಳಗೊಳಗೆ ಹಲವು ಫೈಲುಗಳನ್ನು ಒಂದಾಗಿ ಕಟ್ಟಿದ ಜಿಪ್ ಪೊಟ್ಟಣ. ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳಂಥ ಪದರಗಳ ದತ್ತಾಂಶದ ಜೊತೆಗೆ ಪ್ರಿವ್ಯೂ ಎಂಬ ಸಣ್ಣ ಪಿಎನ್‌ಜಿ ಚಿತ್ರವೊಂದನ್ನೂ ಅದರಲ್ಲಿ ಕಟ್ಟಿ ಇಟ್ಟಿರುತ್ತಾರೆ. ಇಡೀ ಚಿತ್ರವನ್ನು ಬಿಚ್ಚದೆ ಆ ಚೀಟಿಯಷ್ಟನ್ನೇ ಹೊರತೆಗೆದು ತೋರಿಸಿದರೆ ಸಾಕು. ಫೈಲಿನ ಹೆಸರಿಡುವ ಶಿಸ್ತು ನನಗಿಲ್ಲ. ‘ಮುಖಪುಟ ಕೊನೆ’, ‘ಮುಖಪುಟ ನಿಜವಾಗಿ ಕೊನೆ’, ‘ಮುಖಪುಟ ಕೊನೆ 3’ ಎಂಬ ಹೆಸರುಗಳ ನಡುವೆ ಪ್ರಕಾಶಕರು ಒಪ್ಪಿದ ನೀಲಿ ಸೀರೆಯ ಅಜ್ಜಿ ಯಾವುದರಲ್ಲಿದ್ದಾಳೆಂದು ಹೆಸರು ಓದಿ ಪತ್ತೆಹಚ್ಚಲು ನನ್ನಿಂದಾಗದು. ಸ್ವಾಗತ ಪುಟದಲ್ಲಿ ಸೀರೆಯ ಬಣ್ಣವೇ ಹೇಳುತ್ತದೆ. ಚಿತ್ರ ಬರೆಯುವವರು ಕಣ್ಣಿನಿಂದ ನೆನಪಿಡುತ್ತಾರೆ ಎಂಬುದನ್ನು ಅರಿತವರು ಮಾಡಿದ ಪಟ್ಟಿ ಇದು.

ತರಗತಿಯಲ್ಲಿ ಅದೇ ಪಟ್ಟಿ ಹಾಜರಿ ಪುಸ್ತಕದಂತಾಗಿದೆ. ಎಂಟು ಕಂಪ್ಯೂಟರುಗಳನ್ನು ಎರಡು ತಂಡಗಳು ಹಂಚಿಕೊಳ್ಳುವುದರಿಂದ, ಭಾನುವಾರ ಬಂದವರು ಶನಿವಾರದವರ ಚಿತ್ರಗಳನ್ನು ಬಾಗಿಲಲ್ಲೇ ನೋಡುತ್ತಾರೆ. ಇದರಿಂದ ಒಂದು ಸಣ್ಣ ಜಗಳವೂ ಆಗಿದೆ, ಯಾರದೋ ಹಕ್ಕಿಗೆ ಯಾರೋ ಮೀಸೆ ಬರೆದಿದ್ದರು. ಬೇಡದ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ಅದೊಂದನ್ನೇ ಪಟ್ಟಿಯಿಂದ ಮರೆಸಬಹುದು. ಪಟ್ಟಿಯನ್ನೇ ಪೂರ್ತಿ ಅಳಿಸುವ ಅವಕಾಶವೂ ಇದೆ. ಪಟ್ಟಿಯಿಂದ ಹೋದದ್ದು ಡಿಸ್ಕಿನಿಂದ ಹೋಗಿರುವುದಿಲ್ಲ ಎಂಬುದನ್ನು ಮಾತ್ರ ಮಕ್ಕಳಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇನ್ನು ಆ ತುಂಡುಗೆರೆಯ ಚೌಕಟ್ಟು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಮೊದಲ ದಿನ ಬಂದು ಕೂತವಳೇ ಪೆನ್ನೆತ್ತಿ ನೇರವಾಗಿ ಆ ಚೌಕಟ್ಟಿನ ಮೇಲೆ ಗೆರೆ ಎಳೆಯಲು ಹೊರಟಳು. ಗೆರೆ ಮೂಡಲಿಲ್ಲ. ಇನ್ನಷ್ಟು ಒತ್ತಿದಳು. ಆಮೇಲೆ ಪೆನ್ನನ್ನು ಮಗುಚಿ ತುದಿ ನೋಡಿದಳು, ರೀಫಿಲ್ ಮುಗಿದ ಬಾಲ್‌ಪೆನ್ನನ್ನು ನೋಡುವ ಹಾಗೆ. ಎಲ್ಲರಿಗೂ ಒಮ್ಮೆಲೇ ವಿವರಿಸುವ ಬದಲು ಸುಮ್ಮನೆ ಕೂರಿಸಿದ್ದು ನನ್ನ ತಪ್ಪು. ಆದರೆ ಆ ಗಳಿಗೆಯಲ್ಲಿ ಅವಳು ಬೇಡಿದ್ದು ಏನೆಂಬುದು ಸ್ಪಷ್ಟವಾಗಿತ್ತು: ಪೆನ್ನು ಹಿಡಿದವರಿಗೆ ಖಾಲಿ ಚೌಕ ಕಂಡರೆ ಅದು ಹಾಳೆಯೇ.

ಅವಳಿಗೆ ಹೊಸ ಫೈಲ್ ಎಂಬುದನ್ನು ಒತ್ತಲು ಹೇಳಿದಾಗ ತೆರೆದುಕೊಂಡದ್ದು ಸಂಖ್ಯೆಗಳ ಕಿಟಕಿ. ನನ್ನ ಈ ವಿಮರ್ಶೆಯ ಮುಖ್ಯ ಮಾತು ಇರುವುದು ಇಲ್ಲಿ. ಸ್ವಾಗತ ಪುಟ ಬಾಗಿಲಿಗೆ ಹಾಕಿದ ರಂಗೋಲಿಯಾದರೆ, ಎಡವುವ ಹೊಸ್ತಿಲು ಅದರ ಹಿಂದಿರುವ ಈ ಕಿಟಕಿ. ಅಗಲ, ಎತ್ತರ, ರೆಸಲ್ಯೂಶನ್, ಬಣ್ಣದ ಮಾದರಿ, ಬಿಟ್‌ಗಳ ಆಳ, ಪ್ರೊಫೈಲ್; ಇನ್ನೊಂದು ಹಾಳೆಯಲ್ಲಿ ಪದರಗಳ ಎಣಿಕೆ, ಹಿನ್ನೆಲೆಯ ಬಣ್ಣ. ಅನುಭವಿಗೆ ಇದಕ್ಕಿಂತ ಒಳ್ಳೆಯ ಕಿಟಕಿ ಬೇರೆಲ್ಲೂ ಇಲ್ಲವೆಂದೇ ಹೇಳುತ್ತೇನೆ, ಯಾಕೆಂದರೆ ಅದು ಲೆಕ್ಕವನ್ನು ಮುಚ್ಚಿಡುವುದಿಲ್ಲ. ನೀವು ಆರಿಸಿದ ಅಳತೆಯ ಒಂದು ಪದರಕ್ಕೆ ಎಷ್ಟು ರ‍್ಯಾಮ್ ಬೇಕೆಂದು ಅಲ್ಲೇ ಬರೆದು ತೋರಿಸುತ್ತದೆ. ಇಂಚಿಗೆ 300 ಪಿಕ್ಸೆಲ್‌ಗಳ, ಅಂದರೆ ಬಣ್ಣದ ಚುಕ್ಕೆಗಳ, ಎ4 ಹಾಳೆಯೆಂದರೆ 2480 ಮತ್ತು 3508 ಪಿಕ್ಸೆಲ್. 8 ಬಿಟ್ ಬಣ್ಣದಲ್ಲಿ ಪ್ರತಿ ಪಿಕ್ಸೆಲ್ಲಿಗೆ 4 ಬೈಟ್ ಹಿಡಿದರೆ ಒಂದು ತುಂಬಿದ ಪದರಕ್ಕೆ ಸುಮಾರು 33 ಎಂಬಿ. ಅದನ್ನೇ 150ಕ್ಕೆ ಇಳಿಸಿದರೆ ಕಾಲುಭಾಗ ಸಾಕು. ಮುದ್ರಣಕ್ಕೆ ಹೋಗುವ ಚಿತ್ರಕ್ಕೂ ವಾಟ್ಸ್ಆ್ಯಪಿನಲ್ಲಿ ಕಳಿಸುವ ಚಿತ್ರಕ್ಕೂ ಒಂದೇ ಹಾಳೆ ಬೇಡ ಎಂಬ ಪಾಠವನ್ನು ನಾನು ಕಲಿತದ್ದು, 4 ಜಿಬಿ ರ‍್ಯಾಮಿನ ಹಳೆಯ ಲ್ಯಾಪ್‌ಟಾಪಿನಲ್ಲಿ, ಆ ಒಂದು ಸಾಲನ್ನು ಓದಿ.

ಹೊಸಬರ ಕಥೆ ಬೇರೆ. ಎ4 ಹಾಳೆ 21 ಮತ್ತು 29.7 ಸೆಂಟಿಮೀಟರ್ ಎಂದು ಶಾಲೆಯಲ್ಲಿ ಕಲಿತಿದ್ದ ಹುಡುಗನೊಬ್ಬ ಜಾಣತನದಿಂದಲೇ 21 ಮತ್ತು 29 ಎಂದು ತುಂಬಿದ. ಅಳತೆಯ ಘಟಕ ಪಿಕ್ಸೆಲ್ ಆಗಿತ್ತು. ಅವನಿಗೆ ಸಿಕ್ಕಿದ್ದು ಕಡಲೆಬೇಳೆಯಷ್ಟು ಹಾಳೆ. ಹಿಗ್ಗಿಸಿ ನೋಡಿದಾಗ ಗೆರೆಯೆಲ್ಲ ಇಟ್ಟಿಗೆ ಜೋಡಿಸಿದಂತೆ. ಅವನು ಅದರಲ್ಲೇ ಒಂದು ಮನೆ ಕಟ್ಟಿದ ಎಂಬುದು ಬೇರೆ ಮಾತು, ಚೆನ್ನಾಗಿಯೇ ಇತ್ತು.

ಇದಕ್ಕೆ ಕ್ರಿಟಾದಲ್ಲೇ ಮದ್ದಿದೆ, ಹುಡುಕಿಕೊಳ್ಳಬೇಕಷ್ಟೇ. ಅದೇ ಕಿಟಕಿಯಲ್ಲಿ ಕಾಮಿಕ್ಸ್, ಅನಿಮೇಶನ್, ವಿನ್ಯಾಸ ಎಂದು ವಿಂಗಡಿಸಿದ ಸಿದ್ಧ ಮಾದರಿಗಳಿವೆ. ಫೈಲ್ ಮೆನುವಿನಲ್ಲಿ, ತೆರೆದಿರುವ ಚಿತ್ರವನ್ನೇ ಮಾದರಿಯಾಗಿ ಉಳಿಸುವ ಆಯ್ಕೆಯೂ ಇದೆ. ನಾನು ಇಂಚಿಗೆ 150 ಪಿಕ್ಸೆಲ್‌ನ ಎ4 ಹಾಳೆಯೊಂದನ್ನು ಮಾಡಿ, ಅದರಲ್ಲಿ ಕಾಗದ, ಕರಡು, ಗೆರೆ, ಬಣ್ಣ ಎಂದು ನಾಲ್ಕು ಪದರಗಳಿಗೆ ಕನ್ನಡದಲ್ಲೇ ಹೆಸರಿಟ್ಟು, ‘ತರಗತಿ’ ಎಂಬ ಗುಂಪಿನಲ್ಲಿ ಎಂಟೂ ಕಂಪ್ಯೂಟರುಗಳಲ್ಲಿ ಉಳಿಸಿದೆ. ಅಂದಿನಿಂದ ಹೊಸ ಮಗು ಬಂದು ಕೂತು ಗೆರೆ ಎಳೆಯುವವರೆಗೆ ಮೂರು ಒತ್ತು ಸಾಕು. ಇದೇ ಮಾದರಿಗಳಲ್ಲಿ ಎರಡು-ಮೂರನ್ನು ಸ್ವಾಗತ ಪುಟದ ಮೇಲೆಯೇ, ಹಾಳೆಯ ಆಕಾರದ ಚಿತ್ರಗಳಾಗಿ ಇಟ್ಟರೆ ಮೂರು ಒತ್ತು ಒಂದಾಗುತ್ತದೆ. ನಿಂತ ಹಾಳೆ, ಅಡ್ಡ ಹಾಳೆ, ಚೌಕ ಎಂದರೆ ಸಾಕು, ಸಂಖ್ಯೆ ಬೇಕಾದವರು ಹಳೆಯ ಕಿಟಕಿಗೇ ಹೋಗಲಿ.

ಕೊಂಡಿಗಳ ಸಾಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕ್ರಿಟಾದ ಕೈಪಿಡಿ ನಿಜಕ್ಕೂ ಒಳ್ಳೆಯದು. ಬಣ್ಣ, ಯಥಾದೃಷ್ಟಿ (ಪರ್‌ಸ್ಪೆಕ್ಟಿವ್) ಮುಂತಾದ ಮೂಲ ವಿಷಯಗಳನ್ನೂ ವಿವರಿಸುತ್ತದೆ. ಆದರೆ ಕೊಂಡಿ ಒತ್ತಿದರೆ ತೆರೆಯುವುದು ಬ್ರೌಸರ್, ನಮ್ಮ ತರಗತಿಯ ಕೋಣೆಯಲ್ಲಿ ಇಂಟರ್ನೆಟ್ ಇಲ್ಲ. ಕೈಪಿಡಿಯ ಇ-ಪುಸ್ತಕ ರೂಪವನ್ನು ಇಳಿಸಿಕೊಂಡು ಎಲ್ಲ ಕಂಪ್ಯೂಟರುಗಳಲ್ಲಿ ಇಟ್ಟಿದ್ದೇನೆ. ಸುದ್ದಿಯ ಭಾಗ ನಾವೇ ಗುರುತು ಹಾಕಿದರಷ್ಟೇ ಜೀವ ಪಡೆಯುತ್ತದೆ, ಅದಕ್ಕಾಗಿ ಇಂಟರ್ನೆಟ್ ಬಳಸಬೇಕಾಗುತ್ತದೆ ಎಂದೂ ತಿಳಿಸುತ್ತದೆ. ಕೇಳದೆ ಹೊರಗಿನ ಜಗತ್ತಿಗೆ ಕರೆ ಹಚ್ಚದ ಈ ಮರ್ಯಾದೆಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಇದಕ್ಕೆ ಮೊದಲು ನಾನು ಚಂದಾ ಕಟ್ಟಿ ಬಳಸುತ್ತಿದ್ದ ಇನ್ನೊಂದು ತಂತ್ರಾಂಶ, ಹೆಸರು ಬೇಡ, ತೆರೆದಾಗಲೆಲ್ಲ ಲಾಗಿನ್ ಕೇಳಿ, ಆಮೇಲೆ ತನ್ನದೇ ಹೊಸ ಸೇವೆಗಳ ಜಾಹೀರಾತು ತೋರಿಸಿ, ನನ್ನ ಚಿತ್ರಗಳನ್ನು ಅದರ ಕೆಳಗೆ ಇಡುತ್ತಿತ್ತು. ಸ್ವಂತ ಮನೆಗೆ ಹೋಗಲು ಅಂಗಡಿಯೊಳಗೆ ಹಾದು ಹೋಗಬೇಕಾದಂತೆ.

ಪಳಗಿದವರು ಸ್ವಾಗತ ಪುಟವನ್ನು ದಾಟಿಹೋಗುವ ದಾರಿಯೂ ಇದೆ. ಸೆಟ್ಟಿಂಗ್ಸ್‌ನಲ್ಲಿ, ಕ್ರಿಟಾ ತೆರೆದಾಗ ಹಿಂದಿನ ಸೆಶನ್ ತಾನಾಗಿ ಬರಲಿ ಎಂದು ಹೇಳಿಟ್ಟರೆ ನಿನ್ನೆ ಬಿಟ್ಟ ಚಿತ್ರಗಳು ಬಿಟ್ಟಂತೆಯೇ ತೆರೆಯುತ್ತವೆ. ನಾನು ಅರ್ಧ ವರ್ಷ ಹಾಗೆ ಮಾಡಿದೆ. ಮುಗಿಯದ ಕೆಲಸ ಬೆಳಿಗ್ಗೆ ಎದ್ದೊಡನೆ ಎದುರು ಬಂದು ನಿಲ್ಲುವುದು ಎಲ್ಲರಿಗೂ ಹಿತವೆಂದು ಹೇಳಲಾರೆ. ಐದು ದೊಡ್ಡ ಚಿತ್ರಗಳು ಒಟ್ಟಿಗೆ ತೆರೆಯುವಷ್ಟರಲ್ಲಿ ಚಹಾ ಆರಿರುತ್ತಿತ್ತು. ಈಗ ಮತ್ತೆ ಸ್ವಾಗತ ಪುಟಕ್ಕೇ ಮರಳಿದ್ದೇನೆ.

ಬೇರೆಯವರು ಈ ಬಾಗಿಲನ್ನು ಹೇಗೆ ಕಟ್ಟಿದ್ದಾರೆಂದು ನೋಡಿದರೆ ದಾರಿಗಳು ಹಲವು. ಚಿತ್ರ ಬರೆಯುವ ಇನ್ನೊಂದು ತಂತ್ರಾಂಶವಾದ ಮೈಪೇಂಟ್ ಯಾವ ಮಾತೂ ಆಡದೆ ನೇರ ಖಾಲಿ ಹಾಳೆಯನ್ನೇ ಮುಂದಿಡುತ್ತದೆ; ನನ್ನ ಆ ವಿದ್ಯಾರ್ಥಿನಿಗೆ ಅದು ಮೊದಲ ದಿನವೇ ಒಲಿಯುತ್ತಿತ್ತು. ಚಿತ್ರ ತಿದ್ದುವ ತಂತ್ರಾಂಶ ಗಿಂಪ್, 2025ರ ಮಾರ್ಚಿನಲ್ಲಿ ಬಂದ 3.0 ಆವೃತ್ತಿಯಲ್ಲಿ, ತನ್ನ ಸ್ವಾಗತ ಕಿಟಕಿಯಲ್ಲೇ ಬಣ್ಣದ ಹೊದಿಕೆ, ಭಾಷೆ ಮುಂತಾದವನ್ನು ಹೊಂದಿಸಿಕೊಳ್ಳಲು ಬಿಡುತ್ತದೆ. ಮೂರು ಆಯಾಮದ ಕೆಲಸಕ್ಕೆ ಬಳಸುವ ಬ್ಲೆಂಡರ್, 2019ರ 2.80 ಆವೃತ್ತಿಯಿಂದ, ಮೊದಲ ಸಲ ತೆರೆದಾಗ ಮಾತ್ರ ಭಾಷೆ, ಮೌಸಿನ ಯಾವ ಗುಂಡಿ ಎಂಬ ನಾಲ್ಕಾರು ಪ್ರಶ್ನೆ ಕೇಳಿ ಆಮೇಲೆ ತೆಪ್ಪಗಾಗುತ್ತದೆ. ಕ್ರಿಟಾ ಈ ಕೊನೆಯದನ್ನು ಎರವಲು ಪಡೆಯಬಹುದೆಂದು ನನ್ನ ಅನಿಸಿಕೆ. ಮೊದಲ ದಿನ ಕೇಳಬೇಕಾದ ಪ್ರಶ್ನೆ ಪೆನ್ನಿನದು. ಪೆನ್ನಿನ ಒತ್ತಡ ಪರೀಕ್ಷಿಸುವ ಕಿಟಕಿ ಸೆಟ್ಟಿಂಗ್ಸ್‌ನ ಒಳಗಿದೆ. ವಿಂಡೋಸ್‌ನಲ್ಲಿ ಪೆನ್ನಿನ ಸಂಕೇತ ಓದುವ ಎರಡು ವಿಧಾನಗಳಲ್ಲಿ ವಿನ್‌ಟ್ಯಾಬ್ ಬೇಕೋ ವಿಂಡೋಸ್ ಇಂಕ್ ಬೇಕೋ ಎಂದು ಆರಿಸುವುದೂ ಅಲ್ಲೇ. ಗೆರೆ ದಪ್ಪ-ತೆಳು ಆಗುತ್ತಿಲ್ಲ ಎಂದು ಫೋನ್ ಮಾಡುವ ಪ್ರತಿಯೊಬ್ಬ ಗೆಳೆಯನಿಗೂ ನಾನು ಹೇಳುವುದು ಆ ಜಾಗದ ದಾರಿಯನ್ನೇ. ಸ್ವಾಗತ ಪುಟದ ಆ ತುಂಡುಗೆರೆಯ ಚೌಕಟ್ಟಿನಲ್ಲಿ ಮೊದಲ ಸಲವಾದರೂ ಗೆರೆ ಮೂಡುವಂತೆ ಮಾಡಿ, ಒತ್ತಿದಂತೆ ದಪ್ಪವಾಗುತ್ತಿದೆಯೇ ನೋಡಿ ಎಂದು ಕೇಳಿದರೆ, ಪರೀಕ್ಷೆಯೂ ಆಯಿತು, ಸ್ವಾಗತವೂ ಆಯಿತು.

ಕೊನೆಯದಾಗಿ ಭಾಷೆ. ಕೆಡಿಇ ಬಳಗದ ತಂತ್ರಾಂಶಗಳನ್ನು ಬೇರೆ ಭಾಷೆಗಳಿಗೆ ತರುವವರು ಸ್ವಯಂಸೇವಕರು. ಇಡೀ ಕ್ರಿಟಾವನ್ನು ಕನ್ನಡಕ್ಕೆ ತರುವುದು ಸಣ್ಣ ಕೆಲಸವಲ್ಲ, ಆದರೆ ಈ ಒಂದು ಪುಟದಲ್ಲಿರುವ ಮಾತುಗಳನ್ನು ಒಂದು ಸಂಜೆಯಲ್ಲಿ ಅನುವಾದಿಸಬಹುದು. ನಾನು ಒಂದು ಸಂಜೆ ಕೂತು ಬರೆದುಕೊಂಡೆ. ಹೊಸ ಫೈಲಿಗೆ ‘ಹೊಸ ಕಡತ’ ಎಂದು ಮೊದಲು ಹಾಕಿದ್ದೆ; ಅದನ್ನು ಓದಿದ ಹುಡುಗರಿಗೆ ತಾಲ್ಲೂಕು ಕಚೇರಿ ನೆನಪಾಯಿತು. ‘ಹೊಸ ಹಾಳೆ’ ಎಂದು ತಿದ್ದಿದೆ. ಇತ್ತೀಚಿನ ದಾಖಲೆಗಳು ಎಂಬುದು ‘ಮೊನ್ನೆ ಬರೆದ ಚಿತ್ರಗಳು’ ಆಯಿತು. ಈ ಮಾತುಗಳನ್ನು ಸಣ್ಣ ಚೀಟಿಗಳಲ್ಲಿ ಬರೆದು ಎಂಟೂ ಮಾನಿಟರುಗಳ ಅಂಚಿಗೆ, ಆಯಾ ಸಾಲಿನ ನೇರಕ್ಕೆ ಅಂಟಿಸಿದ್ದೇನೆ. ಜೂನ್‌ನಿಂದೀಚೆಗೆ ಅವುಗಳಲ್ಲಿ ಅರ್ಧದಷ್ಟು ಉದುರಿವೆ. ಮತ್ತೆ ಅಂಟಿಸಿಕೊಡಿ ಎಂದು ಇನ್ನೂ ಯಾರೂ ಕೇಳಿಲ್ಲ.