ಟೋಯಾನ್ ನೆಡಬೇಕೇ, ಮ್ಯಾಂಜನೀಟಾ ನೆಡಬೇಕೇ?

ಕ್ಯಾಲಿಫೋರ್ನಿಯಾದ ಚಾಪರಲ್ ಎಂಬ ಕುರುಚಲು ಕಾಡಿನ ಈ ಎರಡೂ ನಿತ್ಯಹಸಿರು ಪೊದೆಗಳು ಮಳೆಯಿಲ್ಲದ ದೀರ್ಘ ಬೇಸಿಗೆಯನ್ನು ತಮ್ಮ ದಪ್ಪನೆಯ, ಗಡುಸಾದ ಎಲೆಗಳ ಬಲದಿಂದ ತಾಳಿಕೊಳ್ಳುತ್ತವೆ. ಮೊದಲ ಸಲ ನೆಡುವವರಿಗೆ, ಅದರಲ್ಲೂ ಅಂಗಳದಲ್ಲಿ ಜೇಡಿಮಣ್ಣು ಅಥವಾ ಅರೆನೆರಳು ಇದ್ದರೆ, ನಾನು ಟೋಯಾನನ್ನೇ ಸೂಚಿಸುತ್ತೇನೆ. ಗರಗಸದಂಥ ಅಂಚಿನ ಎಲೆಗಳುಳ್ಳ ಈ ಪೊದೆ ಎರಡಾಳೆತ್ತರ ಬೆಳೆಯಬಲ್ಲದು. ಬೇಸಿಗೆಯಲ್ಲಿ ಬಿಳಿ ಹೂಗೊಂಚಲುಗಳನ್ನು ಬಿಟ್ಟು, ಚಳಿಗಾಲದಲ್ಲಿ ಹಕ್ಕಿಗಳು ಮುಗಿಬೀಳುವ ಕೆಂಪು ಹಣ್ಣುಗಳಿಂದ ತುಂಬಿಕೊಳ್ಳುತ್ತದೆ. ಕಾಡ್ಗಿಚ್ಚಿನಲ್ಲಿ ಸುಟ್ಟರೂ ಬುಡದಿಂದ ಮತ್ತೆ ಚಿಗುರುತ್ತದೆ. 2012ರಲ್ಲಿ ಲಾಸ್ ಏಂಜಲೀಸ್ ನಗರ ಇದನ್ನು ತನ್ನ ಅಧಿಕೃತ ಸ್ಥಳೀಯ ಸಸ್ಯವೆಂದು ಘೋಷಿಸಿತು.

ಮ್ಯಾಂಜನೀಟಾದ ಚೆಲುವೆಲ್ಲ ಕಾಂಡದಲ್ಲಿದೆ: ಕಂದುಗೆಂಪು ತೊಗಟೆ ತೆಳುಕಾಗದದಂತೆ ಸುರುಳಿ ಸುಲಿದು, ಒಳಗಿನ ನುಣುಪು ಮೈ ತೋರಿಸುತ್ತದೆ. ಹೂಜಿಯಾಕಾರದ ಪುಟ್ಟ ಹೂಗಳು ಚಳಿಗಾಲದಲ್ಲೇ ಅರಳಿ ಜೇನ್ನೊಣಗಳನ್ನು ಕರೆಯುತ್ತವೆ. ಆದರೆ ನೀರು ನಿಲ್ಲುವ ಮಣ್ಣಾಗಲಿ, ಬೇಸಿಗೆಯಲ್ಲಿ ಪದೇ ಪದೇ ಹಾಯಿಸುವ ನೀರಾಗಲಿ ಇದಕ್ಕೆ ಒಗ್ಗುವುದಿಲ್ಲ. ಇದರ ಹಲವು ಪ್ರಭೇದಗಳು ಬೆಂಕಿಗೆ ಸತ್ತು, ಬೀಜದಿಂದಷ್ಟೇ ಮರುಹುಟ್ಟು ಪಡೆಯುತ್ತವೆ.