1957ರ ಕೇರಳ ಚುನಾವಣಾ ವರದಿ: ಕಾಸರಗೋಡಿನವರು ಓದುವಾಗ ಗಮನಿಸಬೇಕಾದದ್ದು

ಕೇರಳದ ಮೊದಲ ವಿಧಾನಸಭಾ ಚುನಾವಣೆಯ ಅಂಕಿಅಂಶ ವರದಿ ಚುನಾವಣಾ ಆಯೋಗದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಗಡಿನಾಡಿನ ಚರಿತ್ರೆಯಲ್ಲಿ ಆಸಕ್ತಿ ಇರುವವರು ಇಳಿಸಿಕೊಳ್ಳಲೇಬೇಕಾದ ಕಡತ. ಆದರೆ ಕೋಷ್ಟಕಗಳಿಗೆ ವಿವರಣೆ ಬಹಳ ಕಡಿಮೆ, ಹಾಗಾಗಿ ನಮ್ಮ ಊರಿನ ಸಾಲುಗಳಲ್ಲೇ ಎಡವುವುದು ಸುಲಭ.

ಮಂಜೇಶ್ವರವನ್ನೇ ನೋಡಿ. ಗೆದ್ದವರು ಪಕ್ಷೇತರ ಎಂ. ಉಮೇಶ ರಾವ್. ಮತ ಎಷ್ಟು ಬಿತ್ತೆಂದು ಹುಡುಕಿದರೆ ಅಂಕಿ ಸಿಗದು, ಏಕೆಂದರೆ ಅದು ಅವಿರೋಧ ಆಯ್ಕೆ. ಇದನ್ನು ಬಹಿಷ್ಕಾರವೆಂದೋ ಮುದ್ರಣದೋಷವೆಂದೋ ತಿಳಿಯಬಾರದು. ಕಾಸರಗೋಡು ಕೇರಳಕ್ಕೆ ಸೇರಿ ನಾಲ್ಕೇ ತಿಂಗಳಾಗಿದ್ದ ಹೊತ್ತಿನಲ್ಲಿ ಆ ಕ್ಷೇತ್ರದಲ್ಲಿ ಎದುರಾಳಿಯೇ ಕಣದಲ್ಲಿ ಉಳಿಯಲಿಲ್ಲ. ಈ ಸಂಗತಿಯ ತೂಕ ಯಾವ ಶೇಕಡಾವಾರು ಲೆಕ್ಕಕ್ಕೂ ಸಿಗುವುದಿಲ್ಲ.

ನೀಲೇಶ್ವರದ್ದು ಬೇರೆಯೇ ತೊಡಕು. ಆಗ 114 ಕ್ಷೇತ್ರಗಳಿಗೆ 126 ಸ್ಥಾನ. 12 ಕ್ಷೇತ್ರಗಳಿಂದ ಇಬ್ಬಿಬ್ಬರು ಸದಸ್ಯರು. ಕಮ್ಯುನಿಸ್ಟ್ ನಾಯಕ ಇ.ಎಂ.ಎಸ್. ನಂಬೂದಿರಿಪಾಡ್ ಗೆದ್ದ ನೀಲೇಶ್ವರವೂ ಅವುಗಳಲ್ಲೊಂದು. ಅಲ್ಲಿ ಪ್ರತಿ ಮತದಾರನಿಗೂ ಎರಡು ಮತ, ಎರಡನ್ನೂ ಒಬ್ಬರಿಗೇ ಹಾಕುವಂತಿಲ್ಲ. ಹೀಗಾಗಿ ಬಿದ್ದ ಮತಗಳ ಮೊತ್ತ ಮತದಾರರ ಸಂಖ್ಯೆಯನ್ನೇ ಮೀರಬಹುದು. ಮತಗಳನ್ನು ನೇರವಾಗಿ ಮತದಾರರ ಸಂಖ್ಯೆಯಿಂದ ಭಾಗಿಸಿ, ಒಬ್ಬರೇ ಸದಸ್ಯರಿದ್ದ ಕಾಸರಗೋಡಿನ ಜೊತೆ ಹೋಲಿಸಿದರೆ ಲೆಕ್ಕ ಕೆಡುತ್ತದೆ.

ಪಕ್ಷವಾರು ಪಟ್ಟಿ ಚೊಕ್ಕವಾಗಿದೆ: ಕಮ್ಯುನಿಸ್ಟ್ 60, ಕಾಂಗ್ರೆಸ್ 43, ಪಿ.ಎಸ್.ಪಿ. (ಪ್ರಜಾ ಸೋಷಲಿಸ್ಟ್ ಪಕ್ಷ) 9, ಪಕ್ಷೇತರ 14. ಕೊನೆಯ ಅಂಕಿಯ ಒಳಗೆ ಮಾತ್ರ ಒಂದು ಲೋಕವೇ ಇದೆ. ಕಮ್ಯುನಿಸ್ಟರ ಬೆಂಬಲದಿಂದ ತಲಶ್ಶೇರಿಯಲ್ಲಿ ಗೆದ್ದು ಮಂತ್ರಿಯಾದ ವಿ.ಆರ್. ಕೃಷ್ಣ ಅಯ್ಯರ್ ಅವರೂ ಅಲ್ಲೇ, ನಮ್ಮ ಉಮೇಶ ರಾಯರೂ ಅಲ್ಲೇ. ಯಾರು ಯಾರ ಕಡೆಯವರೆಂದು ತಿಳಿಯಲು ಅಂದಿನ ಪತ್ರಿಕೆಗಳನ್ನೇ ತಿರುವಬೇಕು.

ಕಾಸರಗೋಡು ಜಿಲ್ಲೆ ಎಂದು ಹುಡುಕಿ ಫಲವಿಲ್ಲ, ಜಿಲ್ಲೆಯಾದದ್ದು 1984ರಲ್ಲಿ. ಮಂಜೇಶ್ವರ, ಕಾಸರಗೋಡು, ಹೊಸದುರ್ಗ, ನೀಲೇಶ್ವರ ಎಂದು ಒಂದೊಂದಾಗಿ ನೋಡಿ. ಉದುಮ ಆಗಿನ್ನೂ ಕ್ಷೇತ್ರವಾಗಿರಲಿಲ್ಲ. 1952ರ ಫಲಿತಾಂಶ ಬೇಕಿದ್ದರೆ ಮದ್ರಾಸ್ ರಾಜ್ಯದ ವರದಿ ತೆರೆಯಬೇಕು, ಏಕೆಂದರೆ ಆಗ ನಾವು ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡದವರು.

ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡಿದ ಕರ್ನಾಟಕ ಸಮಿತಿಯ ಕೆ. ಮಹಾಬಲ ಭಂಡಾರಿ ಮಂಜೇಶ್ವರದಲ್ಲಿ ಗೆದ್ದ 1960ರ ವರದಿಯನ್ನೂ ಜೊತೆಗಿಟ್ಟುಕೊಳ್ಳಿ. ಆದರೆ ಎರಡರ ಅಸಿಂಧು ಮತಗಳನ್ನು ಹಾಗೆಯೇ ಹೋಲಿಸಬೇಡಿ. 1957ರಲ್ಲಿ ಪ್ರತಿ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ. ಮತದಾರ ಏನನ್ನೂ ಗುರುತು ಮಾಡದೆ ಚೀಟಿಯನ್ನು ತನಗೆ ಬೇಕಾದ ಪೆಟ್ಟಿಗೆಗೆ ಹಾಕಿದರೆ ಸಾಕಿತ್ತು. 1960ರಲ್ಲಿ ಎಲ್ಲ ಹೆಸರುಗಳೂ ಒಂದೇ ಮತಪತ್ರದಲ್ಲಿ ಬಂದವು, ಮುದ್ರೆ ಒತ್ತುವ ಕೆಲಸ ಮತದಾರನ ಕೈಗೆ ಬಂತು. ಮುದ್ರೆ ಎರಡು ಹೆಸರುಗಳ ನಡುವೆ ಬಿದ್ದರೂ ಮತ ಹೋಯಿತು.